ಲಿಂಕನ್ನನ ಸಾಲ ಮತ್ತು ನಾನು ಹೇಳದೆ ಬಿಟ್ಟ ಅರ್ಧ ಪಾಠ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಕುಶಲೋಪರಿ ಮುಗಿದ ಮೇಲೆ ಸ್ವಲ್ಪ ತಡೆದು, "ಸಾರ್, ನಮ್ಮ ಭಾವ ಅಂಗಡಿ ದೊಡ್ಡದು ಮಾಡಲು ಬ್ಯಾಂಕಿನಲ್ಲಿ ಸಾಲ ತೆಗೆಯುತ್ತಿದ್ದಾರೆ. ಜಾಮೀನಿಗೆ ನನ್ನ ಸಹಿ ಕೇಳಿದ್ದಾರೆ. ಹಾಕದಿದ್ದರೆ ಅಕ್ಕನಿಗೆ ನೋವು, ಹಾಕಿದರೆ ಹೆಂಡತಿಗೆ ಭಯ. ನೀವೇನು ಹೇಳುತ್ತೀರಿ?" ಎಂದು ಕೇಳಿದ. "ಜಾಮೀನು ನಿಂತವನಿಗೆ ಜಮೀನು ಉಳಿಯದು" ಎಂದು ನಮ್ಮ ತಂದೆಯವರು ಹೇಳುತ್ತಿದ್ದ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಲಿಲ್ಲ. "ಎರಡು ದಿನ ಸಮಯ ಕೊಡಪ್ಪ, ಯೋಚಿಸಿ ಹೇಳುತ್ತೇನೆ" ಎಂದೆ. ಯೋಚಿಸುತ್ತಾ ಕುಳಿತಾಗ, ಮೂವತ್ತು ವರ್ಷಗಳ ಕಾಲ ತರಗತಿಯಲ್ಲಿ ಸಾಲದ ವಿಷಯವಾಗಿ ನಾನು ಹೇಳಿದ ಒಂದು ಪಾಠ ಅರ್ಧ ಪಾಠವಾಗಿತ್ತು ಎಂಬುದು ಮನಸ್ಸಿಗೆ ಬಂತು. ಅದನ್ನು ಪೂರ್ತಿ ಮಾಡುವುದಕ್ಕಾಗಿಯೇ ಈ ಬರಹ.

ನನ್ನ ಕೈಯಲ್ಲಿ ಓದಿದವರಿಗೆಲ್ಲ ಅಬ್ರಹಾಂ ಲಿಂಕನ್ನನ ಕಥೆ ನೆನಪಿರಬೇಕು. ಅಂಗಡಿ ಇಟ್ಟು ಸೋತ; ಪಾಲುದಾರ ಸತ್ತ; ಅವನ ಪಾಲಿನ ಸಾಲವನ್ನೂ ತನ್ನ ತಲೆಯ ಮೇಲೆ ಹೊತ್ತು ವರ್ಷಗಟ್ಟಲೆ ದುಡಿದು ತೀರಿಸಿದ; ಪ್ರಾಮಾಣಿಕತೆಗೆ ಇದಕ್ಕಿಂತ ನಿದರ್ಶನ ಬೇಕೆ ಎಂದು ಕೇಳಿ ನಾನು ಪುಸ್ತಕ ಮುಚ್ಚುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಸಾಲ ತೀರುವವರೆಗೆ ಅವನ ಊಟಕ್ಕೆ ಏನು ಮಾಡಿದ?" ಎಂದು ಕೇಳಿದ್ದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕು ಅವನನ್ನು ಕೂರಿಸಿದೆ. ಈಗ ಅನ್ನಿಸುತ್ತದೆ, ಆ ದಿನ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ.

ನಮ್ಮ ಸ್ಟಾಫ್ ರೂಮುಗಳಲ್ಲಿ ಲಿಂಕನ್ ಮಗನ ಉಪಾಧ್ಯಾಯರಿಗೆ ಬರೆದನೆಂಬ ಪತ್ರವೊಂದು ಚೌಕಟ್ಟಿನೊಳಗೆ ತೂಗುತ್ತಿದ್ದುದನ್ನು ನೀವು ನೋಡಿದ್ದೀರಿ. ಶಿಕ್ಷಕರ ದಿನಾಚರಣೆಯಂದು ಅದನ್ನು ಓದದ ಶಾಲೆ ಕಡಿಮೆ. ಆತನ ಬರಹಗಳ ಸಂಗ್ರಹದಲ್ಲಿ ಅಂಥ ಪತ್ರವೇ ಇಲ್ಲ. ಮಹಾಪುರುಷರಿಗೆ ನಾವು ಹೊಂದಿಸುವ ಕಥೆಗಳು ಹೀಗೆಯೇ ನುಣುಪಾಗುತ್ತವೆ. ಸಾಲದ ಕಥೆ ಮಾತ್ರ ದಾಖಲೆಗಳಿರುವ ನಿಜವಾದ ಕಥೆ. ಆದರೆ ಅದೂ ನುಣುಪಾಗಿ, ಅದರೊಳಗಿದ್ದ ನೆರೆಹೊರೆಯವರು, ಜಾಮೀನುದಾರರು, ಓಡಿಹೋದವರು ಎಲ್ಲರೂ ಕಾಣೆಯಾಗಿ, ಒಬ್ಬ ಲಿಂಕನ್ ಮಾತ್ರ ಉಳಿದುಬಿಟ್ಟಿದ್ದಾನೆ.

ಮೊದಲು ಆ ಕಾಲ, ಆ ಸೀಮೆ ಹೇಗಿತ್ತೆಂದು ನೋಡೋಣ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ವಲಸಿಗರು ಅಪಲೇಶಿಯನ್ ಪರ್ವತಗಳನ್ನು ದಾಟಿ ಕೆಂಟಕಿ, ಟೆನೆಸಿ, ಇಂಡಿಯಾನಾ, ಇಲಿನಾಯ್, ಮಿಸೂರಿಗಳ ಕಡೆ ಸಾಗುತ್ತಿದ್ದರು. ಹೊಸ ವಸತಿಗಳು ಕಾಡಿಗೆ ತಾಗುವ ಆ ಅಂಚನ್ನು ಗಡಿಸೀಮೆ ಎಂದು ಕರೆಯೋಣ. ಅಲ್ಲಿ ಭೂಮಿಯಿತ್ತು, ಮರವಿತ್ತು, ತೋಳ್ಬಲವಿತ್ತು, ಇಲ್ಲದಿದ್ದುದು ನಗದು. ಚಲಾವಣೆಯಲ್ಲಿದ್ದ ಬೆಳ್ಳಿಯಲ್ಲಿ ಬಹುಪಾಲು ಮೆಕ್ಸಿಕೋ ಕಡೆಯಿಂದ ಬಂದ ಸ್ಪೇನಿನ ನಾಣ್ಯಗಳು. ಸ್ಪೇನಿನ ಡಾಲರಿಗೆ ಎಂಟು ಭಾಗ. ಒಂದು ಭಾಗಕ್ಕೆ 12½ ಸೆಂಟು. ನಮ್ಮ ಹಿರಿಯರ ಲೆಕ್ಕದಲ್ಲಿ ರೂಪಾಯಿಯ ಎಂಟನೆಯ ಒಂದು ಭಾಗ ಎರಡಾಣೆ, ಅಂದರೆ ಹನ್ನೆರಡೂವರೆ ಪೈಸೆ ಆದಂತೆಯೇ ಇದು. ಅಮೆರಿಕದ ಟಂಕಸಾಲೆ ಎಂದೂ 12½ ಸೆಂಟಿನ ನಾಣ್ಯವನ್ನು ಅಚ್ಚುಹಾಕಲಿಲ್ಲ. ಆದರೂ ಗಡಿಸೀಮೆಯ ದರಪಟ್ಟಿಗಳಲ್ಲಿ 12½, 18¾ ಎಂಬ ವಿಚಿತ್ರ ಅಂಕಿಗಳೇ ತುಂಬಿವೆ. 1857ರವರೆಗೂ ಈ ಪರದೇಶದ ನಾಣ್ಯಗಳಿಗೆ ಅಲ್ಲಿ ಕಾನೂನಿನ ಮಾನ್ಯತೆಯಿತ್ತು.

ನಗದಿಲ್ಲದ ಕಡೆ ವ್ಯವಹಾರ ನಡೆಯುವುದು ಉದ್ರಿಯಿಂದ. ರೈತನು ಅಂಗಡಿಯಿಂದ ಉಪ್ಪು, ಕಬ್ಬಿಣ, ಬಟ್ಟೆ, ಕಾಫಿ ಒಯ್ಯುತ್ತಿದ್ದ; ಅಂಗಡಿಯವನು ಖಾತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಸುಗ್ಗಿಯಾದ ಮೇಲೆ ರೈತನು ಜೋಳ, ಹಂದಿಮಾಂಸ, ಚರ್ಮ, ಜೇನುಮೇಣ ತಂದು ಲೆಕ್ಕ ಚುಕ್ತಾ ಮಾಡುತ್ತಿದ್ದ. ಅಂಗಡಿಯವನು ಆ ಸರಕನ್ನು ಚಪ್ಪಟೆ ತೆಪ್ಪದೋಣಿಗಳಲ್ಲಿ ತುಂಬಿ ಮಿಸಿಸಿಪ್ಪಿ ನದಿಯ ಮೇಲೆ ನ್ಯೂ ಆರ್ಲಿಯನ್ಸಿಗೆ ಕಳುಹಿಸುತ್ತಿದ್ದ. ಅವನೂ ಸಾಲಗಾರನೇ. ಫಿಲಡೆಲ್ಫಿಯಾ, ಬಾಲ್ಟಿಮೋರ್, ನ್ಯೂಯಾರ್ಕುಗಳ ಸಗಟು ವ್ಯಾಪಾರಿಗಳಿಂದ ಆರು ತಿಂಗಳು, ಒಂದು ವರ್ಷದ ವಾಯಿದೆಯ ಮೇಲೆ ಅವನು ಸರಕು ತಂದಿರುತ್ತಿದ್ದ. ಆ ಸಗಟು ವ್ಯಾಪಾರಿಗಳು ಇಂಗ್ಲೆಂಡಿನ ವರ್ತಕರಿಗೆ ಸಾಲಗಾರರು. ಹೀಗೆ ಕಾಡಿನ ಅಂಚಿನ ಗುಡಿಸಲಿನಿಂದ ಲಂಡನ್ನಿನವರೆಗೆ ಒಂದೇ ಸರಪಳಿ. ಎಲ್ಲೋ ಒಂದು ಕೊಂಡಿ ಕಳಚಿದರೆ ಉಳಿದವರೆಲ್ಲರ ಕುತ್ತಿಗೆಗೂ ಎಳೆತ ಬೀಳುತ್ತಿತ್ತು.

ಈ ಸರಪಳಿಯನ್ನು ಹಿಡಿದಿಟ್ಟಿದ್ದು ಎರಡು ವಸ್ತುಗಳು: ಪ್ರೋನೋಟು ಮತ್ತು ಜಾಮೀನು. ಇಂಥ ದಿನ ಇಷ್ಟು ಹಣ ಕೊಡುತ್ತೇನೆಂದು ಬರೆದುಕೊಟ್ಟ ಪ್ರೋನೋಟು ಬರೆಸಿಕೊಂಡವನ ಪೆಟ್ಟಿಗೆಯಲ್ಲೇ ಉಳಿಯುತ್ತಿರಲಿಲ್ಲ. ಅವನು ಅದರ ಬೆನ್ನಿಗೆ ಸಹಿ ಹಾಕಿ ಮತ್ತೊಬ್ಬನಿಗೆ ದಾಟಿಸುತ್ತಿದ್ದ, ಅವನು ಇನ್ನೊಬ್ಬನಿಗೆ. ನಗದಿಲ್ಲದ ನಾಡಿನಲ್ಲಿ ಆ ಚೀಟಿಯೇ ನಾಣ್ಯದಂತೆ ಓಡಾಡುತ್ತಿತ್ತು. ಬೆನ್ನಿಗೆ ಸಹಿ ಹಾಕಿದವರೂ ಹೊಣೆಗಾರರೇ ಆಗುತ್ತಿದ್ದರು. ನೆರೆಯವನ ಮೇಲಿನ ಸ್ನೇಹಕ್ಕೆ ಹಾಕಿದ ಒಂದು ಸಹಿ, ಮೂರು ವರ್ಷದ ಮೇಲೆ ಮುಖವನ್ನೇ ನೋಡದ ಯಾರೋ ಒಬ್ಬನ ದಾವೆಯಾಗಿ ಮನೆ ಬಾಗಿಲಿಗೆ ಬರುತ್ತಿತ್ತು. ಇದು ಬಡವರಿಗಷ್ಟೇ ಬಂದ ಕಷ್ಟವಲ್ಲ. ವರ್ಜೀನಿಯಾದಲ್ಲಿ ಮಾಜಿ ಅಧ್ಯಕ್ಷ ಥಾಮಸ್ ಜೆಫರ್ಸನ್ 1818ರಲ್ಲಿ ಮಿತ್ರನೂ ಬೀಗನೂ ಆದ ವಿಲ್ಸನ್ ಕ್ಯಾರಿ ನಿಕೊಲಸ್‌ನ 20,000 ಡಾಲರ್ ಸಾಲಕ್ಕೆ ಸಹಿ ಹಾಕಿದ. ಮರುವರ್ಷವೇ ನಿಕೊಲಸ್ ದಿವಾಳಿಯಾದ. ಮೊದಲೇ ಸಾಲದಲ್ಲಿದ್ದ ಜೆಫರ್ಸನ್ 1826ರಲ್ಲಿ ತೀರಿಕೊಂಡಾಗ ಅವನ ಸಾಲ 1,00,000 ಡಾಲರನ್ನು ಮೀರಿತ್ತು. ಅದನ್ನು ತೀರಿಸಲು ಅವನ ಗುಲಾಮರನ್ನು ಹರಾಜಿಗಿಟ್ಟರು. ಒಡೆಯನ ಒಂದು ಸಹಿಯ ಬೆಲೆಯನ್ನು ಹೀಗೆ ತಾಯಿ ಮಕ್ಕಳು ಅಗಲಿ ತೆತ್ತರು ಎಂಬುದನ್ನು ಮರೆಯಬಾರದು.

ಗಡಿಸೀಮೆಯ ಭೂಮಿಯೂ ಸಾಲದ ಬಲೆಯಿಂದಲೇ ಬಂದದ್ದು ಎಂಬ ಸಂಗತಿಯನ್ನು ನಾನು ತರಗತಿಯಲ್ಲಿ ಎಂದೂ ಹೇಳಲಿಲ್ಲ. ಇದೇ ಜೆಫರ್ಸನ್ ಅಧ್ಯಕ್ಷನಾಗಿದ್ದಾಗ, 1803ರ ಫೆಬ್ರವರಿಯಲ್ಲಿ, ಇಂಡಿಯಾನಾ ಪ್ರಾಂತದ ರಾಜ್ಯಪಾಲ ವಿಲಿಯಂ ಹೆನ್ರಿ ಹ್ಯಾರಿಸನ್‌ಗೆ ಪತ್ರ ಬರೆದು, ಮೂಲನಿವಾಸಿಗಳ ಮುಖಂಡರು ಸರಕಾರಿ ವ್ಯಾಪಾರದ ಕೋಠಿಗಳಲ್ಲಿ ಸಾಲಗಾರರಾಗುವುದು ತಮಗೆ ಸಂತೋಷವೆಂದೂ, ಸಾಲ ತೀರಿಸಲಾಗದ ಹಂತ ಮುಟ್ಟಿದಾಗ ಅವರು ಭೂಮಿ ಬಿಟ್ಟುಕೊಡುತ್ತಾರೆಂದೂ ಸೂಚಿಸಿದ್ದ. 1805ರ ಮೌಂಟ್ ಡೆಕ್ಸ್ಟರ್ ಒಪ್ಪಂದದಲ್ಲಿ ಚೋಕ್ಟಾ ಜನರು ಸುಮಾರು 40 ಲಕ್ಷ ಎಕರೆ ಭೂಮಿಯನ್ನು ಬಿಟ್ಟುಕೊಟ್ಟರು. ಅದಕ್ಕೆ ನಿಗದಿಯಾದ 50,500 ಡಾಲರುಗಳಲ್ಲಿ 48,000 ಡಾಲರು ವ್ಯಾಪಾರಿಗಳ ಸಾಲಕ್ಕೆ ಜಮೆಯಾಯಿತು. ನಮ್ಮ ಹಳ್ಳಿಗಳಲ್ಲಿ ಸಾಹುಕಾರನ ಕಡತಕ್ಕೆ ಹೊಲ ಹೋದ ಕಥೆ ಕೇಳಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಬಂದ ಭೂಮಿಯನ್ನು ಸರಕಾರ ವಲಸಿಗರಿಗೆ ಸಾಲದ ಮೇಲೆಯೇ ಮಾರಿತು. 1800ರ ಕಾಯಿದೆಯಂತೆ ಎಕರೆಗೆ ಕನಿಷ್ಠ 2 ಡಾಲರ್. ನಾಲ್ಕನೆಯ ಒಂದು ಭಾಗ ಮೊದಲು, ಉಳಿದದ್ದು ನಾಲ್ಕು ವರ್ಷಗಳೊಳಗೆ. ಬೆಳೆಯ ಬೆಲೆ ಏರುತ್ತಿರುವವರೆಗೆ ಎಲ್ಲರೂ ಜಾಣರೇ. 1819ರಲ್ಲಿ ಹತ್ತಿಯ ಬೆಲೆ ಕುಸಿಯಿತು. ಬ್ಯಾಂಕುಗಳು ಕೊಟ್ಟ ಸಾಲವನ್ನು ಹಿಂದಕ್ಕೆ ಕೇಳತೊಡಗಿದವು. ಭೂಮಿ ಕೊಂಡವರು ಸರಕಾರಕ್ಕೆ ಕೊಡಬೇಕಾಗಿದ್ದ ಬಾಕಿಯೇ 2 ಕೋಟಿ ಡಾಲರನ್ನು ಮೀರಿತ್ತು. 1820ರಲ್ಲಿ ಸರಕಾರ ಉದ್ರಿ ಮಾರಾಟವನ್ನು ನಿಲ್ಲಿಸಿ, ಎಕರೆಗೆ 1.25 ಡಾಲರ್, ಪೂರ್ತಿ ನಗದು ಎಂದು ನಿಯಮ ಮಾಡಿತು. ಮಿಸೂರಿಯ ಸೀಸದ ಗಣಿಗಳ ಒಡೆಯ ಮೋಸೆಸ್ ಆಸ್ಟಿನ್ ಸೇಂಟ್ ಲೂಯಿಸ್ ಬ್ಯಾಂಕಿನಲ್ಲಿ ಹಣ ತೊಡಗಿಸಿದ್ದ. ಆ ಬ್ಯಾಂಕು 1819ರಲ್ಲಿ ಮುಳುಗಿತು, ಅವನೂ ಮುಳುಗಿದ. ಸಾಲದ ಹೊರೆಯಿಂದ ಪಾರಾಗಲು ಅವನು ಸ್ಪೇನಿನ ಆಡಳಿತದಲ್ಲಿದ್ದ ಟೆಕ್ಸಾಸಿಗೆ ಹೋಗಿ ವಲಸೆಗೆ ಅನುಮತಿ ಪಡೆದ; 1821ರಲ್ಲಿ ತೀರಿಕೊಂಡ. ಅವನ ಮಗ ಸ್ಟೀಫನ್ ಆಸ್ಟಿನ್ ಆ ಕೆಲಸವನ್ನು ಮುಂದುವರಿಸಿದ. ಟೆಕ್ಸಾಸಿನ ಅಮೆರಿಕನ್ ವಸತಿಯ ಮೂಲದಲ್ಲಿ ಒಂದು ದಿವಾಳಿ ಇದೆ.

ಈಗ ನಮ್ಮ ಕಥಾನಾಯಕನ ಕಡೆ ಬರೋಣ. 1831ರಲ್ಲಿ, ಇಪ್ಪತ್ತೆರಡು ವರ್ಷದ ಲಿಂಕನ್ ಇಲಿನಾಯ್ ರಾಜ್ಯದ ಸ್ಯಾಂಗಮನ್ ನದಿಯ ದಂಡೆಯ ನ್ಯೂ ಸೇಲಂ ಎಂಬ ಪುಟ್ಟ ಊರಿಗೆ ಬಂದ. ಸುಮಾರು ಇಪ್ಪತ್ತೈದು ಮನೆಗಳು, ಒಂದು ಗಿರಣಿ, ಕೆಲವು ಅಂಗಡಿಗಳು. ಡೆಂಟನ್ ಆಫಟ್ ಎಂಬ ಉತ್ಸಾಹಿ ತನ್ನ ಅಂಗಡಿಯಲ್ಲಿ ಅವನಿಗೆ ತಿಂಗಳಿಗೆ 15 ಡಾಲರ್ ಸಂಬಳ, ಮಲಗಲು ಅಂಗಡಿಯ ಹಿಂಬದಿ ಕೊಟ್ಟ. ಸ್ಯಾಂಗಮನ್ ನದಿಯಲ್ಲಿ ಉಗಿಹಡಗು ಓಡುತ್ತದೆ, ಊರು ಪಟ್ಟಣವಾಗುತ್ತದೆ ಎಂಬುದು ಅಲ್ಲಿನವರೆಲ್ಲರ ಕನಸು. 1832ರ ವಸಂತದಲ್ಲಿ ಟ್ಯಾಲಿಸ್‌ಮನ್ ಎಂಬ ಹಡಗು ಬಂದೂ ಬಂತು. ಆದರೆ ನೀರು ಇಳಿಯತೊಡಗಿ, ತಿರುಗಲೂ ಜಾಗವಿಲ್ಲದೆ ಹಿಂದಕ್ಕೇ ಸರಿಯಬೇಕಾಯಿತು. ದಾರಿ ಬಿಡಿಸಲು ನ್ಯೂ ಸೇಲಮಿನ ಗಿರಣಿಯ ಒಡ್ಡನ್ನೂ ಸ್ವಲ್ಪ ಕೀಳಬೇಕಾಯಿತು. ಆ ಹಡಗನ್ನು ನಡೆಸಲು ನೆರವಾದವರಲ್ಲಿ ಲಿಂಕನ್ನನೂ ಒಬ್ಬ. ಅದೇ ವಸಂತದಲ್ಲಿ ಆಫಟ್‌ನ ಅಂಗಡಿ ಮುಚ್ಚಿತು.

ಅನಂತರ ಲಿಂಕನ್ ಬ್ಲ್ಯಾಕ್ ಹಾಕ್ ಯುದ್ಧಕ್ಕೆ ಹೋಗಿ ಬಂದ, ಶಾಸನಸಭೆಯ ಚುನಾವಣೆಗೆ ನಿಂತು ಸೋತ. ಕೈಯಲ್ಲಿ ಕೆಲಸವಿಲ್ಲ. ಆಗ ರೋವನ್ ಹರ್ನ್‌ಡನ್ ಎಂಬುವನು ಅಂಗಡಿಯಲ್ಲಿದ್ದ ತನ್ನ ಪಾಲನ್ನು ನಗದಿಲ್ಲದೆ, ಬರೀ ಪ್ರೋನೋಟಿನ ಮೇಲೆ ಲಿಂಕನ್ನನಿಗೆ ಮಾರಿದ. ಇನ್ನೊಂದು ಪಾಲು ವಿಲಿಯಂ ಬೆರ್ರಿಯದು. ಬೆರ್ರಿ ಒಬ್ಬ ಪಾದ್ರಿಯ ಮಗ. 1833ರ ಜನವರಿಯಲ್ಲಿ ಊರಿನ ಪುಂಡರು ರೂಬೆನ್ ರ‍್ಯಾಡ್‌ಫರ್ಡ್ ಎಂಬುವನ ಅಂಗಡಿಯನ್ನು ಧ್ವಂಸ ಮಾಡಿದರು. ಬೇಸತ್ತ ಅವನು ಸರಕನ್ನೆಲ್ಲ ವಿಲಿಯಂ ಗ್ರೀನ್ ಎಂಬ ತರುಣನಿಗೆ 400 ಡಾಲರಿಗೆ ಮಾರಿದ. ಅದರಲ್ಲಿ ಬಹುಪಾಲು ಪ್ರೋನೋಟುಗಳೇ. ಗ್ರೀನ್ ಅದನ್ನು ಲಾಭಕ್ಕೆ ಲಿಂಕನ್ ಮತ್ತು ಬೆರ್ರಿಯವರಿಗೆ ದಾಟಿಸಿದ. ಅವರು ಗ್ರೀನ್ ಬರೆದುಕೊಟ್ಟಿದ್ದ ನೋಟುಗಳ ಹೊಣೆಯನ್ನೂ ತಾವೇ ಹೊತ್ತರು. ಗಮನಿಸಿ: ಒಂದೇ ಸರಕು, ಮೂರು ಕೈ, ಎಲ್ಲವೂ ಕಾಗದದ ಮೇಲೆ.

ಮಾರ್ಚ್ 6ರಂದು ಬೆರ್ರಿಯ ಹೆಸರಿನಲ್ಲಿ ಮದ್ಯವನ್ನೂ ಊಟ ವಸತಿಯನ್ನೂ ಒದಗಿಸುವ ಪರವಾನಗಿ ದೊರೆಯಿತು. ಶುಲ್ಕ 7 ಡಾಲರ್. ಜೊತೆಗೆ 300 ಡಾಲರ್ ಮುಚ್ಚಳಿಕೆ. ಅದಕ್ಕೆ ಜಾಮೀನು ನಿಂತವನು ಊರಿನ ನ್ಯಾಯಾಧಿಕಾರಿ ಬೌಲಿಂಗ್ ಗ್ರೀನ್. ಅರ್ಧ ಪೈಂಟ್ ವಿಸ್ಕಿಗೆ 12½ ಸೆಂಟು, ಒಂದು ಊಟಕ್ಕೆ 25, ಒಂದು ರಾತ್ರಿ ಮಲಗಲು 12½ ಎಂದು ದರಪಟ್ಟಿ. ನಾನು ಆಗ ಹೇಳಿದ ನಾಣ್ಯದ ಲೆಕ್ಕ ಇಲ್ಲಿ ಕಾಣುತ್ತದೆ. ಈ ಅಂಗಡಿ ಲಿಂಕನ್ನನನ್ನು ಬಹುಕಾಲ ಬಿಡಲಿಲ್ಲ. 1858ರ ಪ್ರಸಿದ್ಧ ಚರ್ಚೆಗಳಲ್ಲಿ ಎದುರಾಳಿ ಡಗ್ಲಸ್ ಅವನನ್ನು ಹೆಂಡದಂಗಡಿಯವನೆಂದು ಕುಟುಕಿದ್ದುಂಟು.

ಅಂಗಡಿ ಸೋತದ್ದೇಕೆ? ಬೆರ್ರಿ ಕುಡಿಯುತ್ತಿದ್ದ, ಲಿಂಕನ್ ಓದುತ್ತಿದ್ದ ಎಂಬುದು ಪರಂಪರೆಯಿಂದ ಬಂದ ಉತ್ತರ. ನಾನೂ ಹಾಗೆಯೇ ಹೇಳಿದ್ದೇನೆ. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ. ಇಪ್ಪತ್ತೈದು ಮನೆಗಳ ಊರು, ಎದುರಿಗೆ ಸ್ಯಾಮ್ಯುಯೆಲ್ ಹಿಲ್‌ನ ಚೆನ್ನಾಗಿ ನೆಲೆಯೂರಿದ ಅಂಗಡಿ, ಹಡಗು ಬಾರದ ನದಿ, ನಗದಿಲ್ಲದ ಗಿರಾಕಿ, ಪೂರ್ತಿ ಸಾಲದ ಮೇಲೆ ಕೊಂಡ ಸರಕು. ಕುಡಿಯದ ಬೆರ್ರಿಯೂ ಓದದ ಲಿಂಕನ್ನನೂ ಇದ್ದಿದ್ದರೂ ಆ ಅಂಗಡಿ ಬಹುದಿನ ಬಾಳುತ್ತಿತ್ತೆಂದು ನನಗೆ ತೋರುವುದಿಲ್ಲ. ಅಂಗಡಿಯನ್ನು ಟ್ರೆಂಟ್ ಸಹೋದರರಿಗೆ ಮಾರಿದರು, ಅದೂ ಪ್ರೋನೋಟಿನ ಮೇಲೆಯೇ. ವಾಯಿದೆ ಬರುವ ಮೊದಲೇ ಟ್ರೆಂಟರು ಊರು ಬಿಟ್ಟರು. 1835ರ ಜನವರಿ 10ರಂದು ಬೆರ್ರಿ ತೀರಿಕೊಂಡ. ಹೇಳಿಕೊಳ್ಳುವಂಥ ಆಸ್ತಿಯೇನೂ ಉಳಿದಿರಲಿಲ್ಲ. ಪಾಲುದಾರಿಕೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಒಟ್ಟು ಸುಮಾರು 1,100 ಡಾಲರ್ ಲಿಂಕನ್ನನ ತಲೆಯ ಮೇಲೆ ಬಂತು. ಆಫಟ್ ಕೊಡುತ್ತಿದ್ದ ತಿಂಗಳಿಗೆ 15 ಡಾಲರ್ ಸಂಬಳದ ಲೆಕ್ಕದಲ್ಲಿ ಒಂದು ಕಾಸೂ ತಿನ್ನದೆ ಆರು ವರ್ಷಕ್ಕೂ ಮೀರಿದ ದುಡಿಮೆ. ಸರಕಾರಿ ದರದಲ್ಲಿ 880 ಎಕರೆ ಭೂಮಿಯ ಬೆಲೆ. ಆತ ಅದನ್ನು ನಗೆಯಾಡುತ್ತಾ "ರಾಷ್ಟ್ರೀಯ ಸಾಲ" ಎಂದು ಕರೆಯುತ್ತಿದ್ದನಂತೆ.

ಇಲ್ಲಿಂದ ಮುಂದಿನದೇ ನಾನು ಹೇಳದೆ ಬಿಟ್ಟ ಭಾಗ. 1833ರ ಮೇ ತಿಂಗಳಲ್ಲಿ ಊರಿನ ಅಂಚೆಯ ಕೆಲಸ ಲಿಂಕನ್ನನಿಗೆ ಸಿಕ್ಕಿತು. ಅದರ ವರಮಾನ ಸಾಲದು. ವರ್ಷದ ಕೊನೆಯ ವೇಳೆಗೆ ಕೌಂಟಿಯ ಮೋಜಣಿದಾರ ಜಾನ್ ಕ್ಯಾಲ್‌ಹೂನ್ ಅವನನ್ನು ಸಹಾಯಕನನ್ನಾಗಿ ತೆಗೆದುಕೊಂಡ. ಪುಸ್ತಕ ತಂದು ಹಗಲುರಾತ್ರಿ ಓದಿ ಮೋಜಣಿ ಕಲಿತ. ದಿಕ್ಸೂಚಿ, ಸರಪಳಿ, ಕುದುರೆ ಹೊಂದಿಸಿಕೊಂಡ, ಅವಕ್ಕೂ ಸಾಲ ಮಾಡಿಯೇ. ಸ್ವಲ್ಪ ಉಸಿರಾಡುವಂತಾಯಿತು ಎನ್ನುವಾಗಲೇ ರ‍್ಯಾಡ್‌ಫರ್ಡನ ಪ್ರೋನೋಟು ಬೇರೆಡೆ ತಲೆಯೆತ್ತಿತು. ಅದು ಕೈದಾಟಿ ಪೀಟರ್ ವ್ಯಾನ್ ಬರ್ಗೆನ್ ಎಂಬುವನ ಬಳಿ ಸೇರಿತ್ತು. ಅವನು 1834ರಲ್ಲಿ ದಾವೆ ಹೂಡಿದ, ಡಿಕ್ರಿ ಪಡೆದ. ಲಿಂಕನ್ನನ ಕುದುರೆ, ಜೀನು, ಕಡಿವಾಣ, ದಿಕ್ಸೂಚಿ, ಸರಪಳಿ ಎಲ್ಲವೂ ಜಪ್ತಿಯಾಗಿ ಹರಾಜಿಗೆ ಬಂದವು. ದುಡಿಯುವ ಕೈಯನ್ನೇ ಕತ್ತರಿಸಿ ಸಾಲ ವಸೂಲು ಮಾಡುವ ಕ್ರಮ ಇದು.

ಆ ಹರಾಜಿಗೆ ಜೇಮ್ಸ್ ಶಾರ್ಟ್ ಎಂಬ ರೈತ ಬಂದ. ಸಮೀಪದಲ್ಲೇ ಹೊಲವಿದ್ದವನು, ಊರವರು ಜಿಮ್ಮಿ ಚಿಕ್ಕಪ್ಪ ಎನ್ನುತ್ತಿದ್ದರು. ಸವಾಲು ಕೂಗಿ ಎಲ್ಲವನ್ನೂ 120 ಡಾಲರಿಗೆ ಕೊಂಡ. ಕೊಂಡು ಲಿಂಕನ್ನನಿಗೇ ಹಿಂದಿರುಗಿಸಿದ. ಆ ದಿನ ಶಾರ್ಟ್ ಬಾರದೇ ಹೋಗಿದ್ದರೆ, ಪ್ರಾಮಾಣಿಕತೆ ಎಷ್ಟಿದ್ದರೂ ಅದನ್ನು ತೋರಿಸಲು ಲಿಂಕನ್ನನ ಬಳಿ ಸಾಧನವೇ ಇರುತ್ತಿರಲಿಲ್ಲ. ಅದೇ ವರ್ಷ ಶಾಸನಸಭೆಗೆ ಆಯ್ಕೆಯಾದ ಅವನು ರಾಜಧಾನಿ ವ್ಯಾಂಡೇಲಿಯಾಕ್ಕೆ ಹೋಗಲು ಕೋಲ್ಮನ್ ಸ್ಮೂಟ್ ಎಂಬ ರೈತನಿಂದ 200 ಡಾಲರ್ ಕೈಗಡ ಪಡೆದ. ಹೊಸ ಬಟ್ಟೆ ಹೊಲಿಸಿದ್ದೂ ಆ ಹಣದಿಂದಲೇ. 1837ರಲ್ಲಿ ವಕೀಲನಾಗಿ ಸ್ಪ್ರಿಂಗ್‌ಫೀಲ್ಡಿಗೆ ಬಂದಾಗ ಹಾಸಿಗೆಗೆ ಬೇಕಾದ 17 ಡಾಲರ್ ಕೂಡ ಇರಲಿಲ್ಲ. ಅಂಗಡಿಯ ಜೋಶುವಾ ಸ್ಪೀಡ್ ತನ್ನ ಕೋಣೆಯನ್ನೇ ಹಂಚಿಕೊಂಡ. ಹಿಂದಿನ ಬೆಂಚಿನ ಆ ಹುಡುಗನ ಪ್ರಶ್ನೆಗೆ ಇದು ಉತ್ತರ. ಊಟಕ್ಕೆ ಏನು ಮಾಡಿದ? ಊರು ಅವನನ್ನು ಸಾಕಿತು.

ಅದೇ ಕಾಲದಲ್ಲಿ ಸಾಲಗಾರನಿಗೆ ಇನ್ನೊಂದು ದಾರಿಯೂ ತೆರೆದಿತ್ತು. ಟ್ರೆಂಟ್ ಸಹೋದರರು ಹಿಡಿದ ದಾರಿ. ದಕ್ಷಿಣದ ರಾಜ್ಯಗಳಲ್ಲಿ ಮುಚ್ಚಿದ ಬಾಗಿಲುಗಳ ಮೇಲೆ "ಟೆಕ್ಸಾಸಿಗೆ ಹೋದ" ಎಂಬುದಕ್ಕೆ ಮೂರೇ ಅಕ್ಷರಗಳ ಸಂಕೇತ ಬರೆದಿಡುತ್ತಿದ್ದರಂತೆ. ಲೆಕ್ಕಪುಸ್ತಕಗಳಲ್ಲೂ ಬಾರದ ಸಾಲದ ಮುಂದೆ ಅದೇ ಗುರುತು. 1837ರ ಆರ್ಥಿಕ ಕುಸಿತದ ಮೇಲೆ ಈ ವಲಸೆ ಹೆಚ್ಚಿತು. ಇವರೆಲ್ಲ ಮೋಸಗಾರರೆ? ಕೆಲವರು ಹೌದು. ಆದರೆ ಹರಾಜಿಗೆ ಬರುವ ಜೇಮ್ಸ್ ಶಾರ್ಟ್ ಎಲ್ಲರಿಗೂ ಇರುವುದಿಲ್ಲ. ಉಳಿದು ತೀರಿಸುವ ಧೈರ್ಯ ಬರುವುದು ಉಳಿಯಲು ನೆಲವಿದ್ದಾಗ.

ಸಾಲಗಾರರೇ ತುಂಬಿದ್ದ ಟೆಕ್ಸಾಸ್ ಒಂದು ಮುಖ್ಯ ಸಂಗತಿಯನ್ನು ಜಗತ್ತಿಗೆ ತೋರಿಸಿತು ಎಂಬುದು ವಿಶೇಷ. ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಅದು 1839ರ ಜನವರಿಯಲ್ಲಿ ಒಂದು ಕಾಯಿದೆ ಮಾಡಿ, ಪ್ರತಿ ಕುಟುಂಬದ 50 ಎಕರೆ ಭೂಮಿ ಅಥವಾ ಪಟ್ಟಣದ ಮನೆ, ಅದರ ಮೇಲಿನ ಕಟ್ಟಡ ಮೊದಲಾದವು 500 ಡಾಲರ್ ಮೌಲ್ಯದವರೆಗೆ, ಕಸುಬಿನ ಉಪಕರಣ, ಒಂದು ಜೊತೆ ಎತ್ತು, ಐದು ಹಸು, ವರ್ಷದ ದಿನಸಿ ಇವನ್ನು ಯಾವ ಸಾಲಗಾರಿಕೆಗೂ ಜಪ್ತಿ ಮಾಡಕೂಡದೆಂದು ವಿಧಿಸಿತು. ಲಿಂಕನ್ನನ ಹರಾಜಿನಲ್ಲಿ ಜೇಮ್ಸ್ ಶಾರ್ಟ್ ತನ್ನ ಕಿಸೆಯಿಂದ ಮಾಡಿದ ಕೆಲಸವನ್ನು ಇಲ್ಲಿ ಕಾನೂನು ಮಾಡಿತು. ನಮ್ಮ ದೇಶದ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಲ್ಲೂ ಕುಶಲಕರ್ಮಿಯ ಉಪಕರಣ, ಬೇಸಾಯಗಾರನ ನೇಗಿಲು, ಎತ್ತು, ಬಿತ್ತನೆಯ ಬೀಜ ಇವುಗಳಿಗೆ ಜಪ್ತಿಯಿಂದ ರಕ್ಷಣೆ ಇದೆ.

ಅಮೆರಿಕದ ಕೇಂದ್ರ ಸರಕಾರವೂ 1841ರಲ್ಲಿ ದಿವಾಳಿ ಕಾಯಿದೆಯೊಂದನ್ನು ತಂದು, ಇದ್ದುದನ್ನೆಲ್ಲ ಒಪ್ಪಿಸಿದ ಸಾಲಗಾರನಿಗೆ ಉಳಿದ ಸಾಲದಿಂದ ಬಿಡುಗಡೆ ಕೊಟ್ಟಿತು. ಸುಮಾರು 41,000 ಮಂದಿ ಅರ್ಜಿ ಹಾಕಿದರು. ಸಾಲ ಕೊಟ್ಟವರ ಕೂಗು ಎದ್ದು 1843ರಲ್ಲಿ ಅದನ್ನು ರದ್ದುಗೊಳಿಸಿದರು. ಆ ಅಲ್ಪಾವಧಿಯಲ್ಲಿ ಸ್ಪ್ರಿಂಗ್‌ಫೀಲ್ಡಿನ ಲೋಗನ್ ಮತ್ತು ಲಿಂಕನ್ ವಕೀಲಿ ಕಚೇರಿ ಎಪ್ಪತ್ತಕ್ಕೂ ಹೆಚ್ಚು ದಿವಾಳಿ ಪ್ರಕರಣಗಳನ್ನು ನಡೆಸಿತು. ತನ್ನ ಸಾಲವನ್ನು ಕಂತುಕಂತಾಗಿ ತೀರಿಸುತ್ತಿದ್ದವನು ಇತರರಿಗೆ ಬಿಡುಗಡೆ ಕೊಡಿಸಿದ. ಅದರಲ್ಲಿ ಅವನು ಯಾವ ವಿರೋಧವನ್ನೂ ಕಂಡಂತಿಲ್ಲ. ಅದೇ 1841ರಲ್ಲಿ ನ್ಯೂಯಾರ್ಕಿನ ಲೂಯಿಸ್ ಟ್ಯಾಪನ್ ಎಂಬ ವರ್ತಕ, ದೂರದ ಊರುಗಳ ಅಂಗಡಿಕಾರರ ನಡತೆ, ಆಸ್ತಿ, ಕುಡಿತ ಎಲ್ಲವನ್ನೂ ಸ್ಥಳೀಯ ವಕೀಲರಿಂದ ತಿಳಿದು ಪುಸ್ತಕದಲ್ಲಿ ಬರೆದಿಡುವ ಸಂಸ್ಥೆಯನ್ನು ಆರಂಭಿಸಿದ. ನೆರೆಯವನ ಮಾತಿನ ಮೇಲೆ ನಿಂತಿದ್ದ ನಂಬಿಕೆ ಹೀಗೆ ಕಡತಕ್ಕೆ ಇಳಿಯಿತು. ಇಂದು ಬ್ಯಾಂಕಿನವರು ನಿಮ್ಮ ಅಂಕ ಎಷ್ಟೆಂದು ಕಂಪ್ಯೂಟರಿನಲ್ಲಿ ನೋಡುತ್ತಾರಲ್ಲ, ಅದರ ಮುತ್ತಜ್ಜ ಈ ಪುಸ್ತಕ.

ಲಿಂಕನ್ನನನ್ನು ದೇವರನ್ನಾಗಿಸುವುದು ಬೇಡವೆಂದು ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅಷ್ಟು ಸುಟ್ಟುಕೊಂಡವನೇ 1837ರಲ್ಲಿ ರೈಲು, ಕಾಲುವೆ, ನದಿ ಸುಧಾರಣೆಗಾಗಿ ಸುಮಾರು 1 ಕೋಟಿ ಡಾಲರ್ ಸಾಲದ ಯೋಜನೆಯನ್ನು ಶಾಸನಸಭೆಯಲ್ಲಿ ಹುರುಪಿನಿಂದ ಬೆಂಬಲಿಸಿದ. ಅದೇ ವರ್ಷ ಕುಸಿತ ಬಂತು. ಕೆಲವೇ ವರ್ಷಗಳಲ್ಲಿ ಇಲಿನಾಯ್ ರಾಜ್ಯವೇ ಬಡ್ಡಿ ಕಟ್ಟಲಾಗದ ಸ್ಥಿತಿಗೆ ಬಂತು. ಆಶೆ ಎಂಬುದು ಅನುಭವಕ್ಕಿಂತ ಬಲಶಾಲಿ. ನ್ಯೂ ಸೇಲಂ ಊರಂತೂ 1840ರ ಹೊತ್ತಿಗೆ ಬರಿದಾಯಿತು.

ತನ್ನ ಸ್ವಂತ ಸಾಲವನ್ನು ಮಾತ್ರ ಅವನು ಪೂರ್ತಿ ತೀರಿಸಿದ. 1847ರಿಂದ 1849ರವರೆಗೆ ಕಾಂಗ್ರೆಸ್ ಸದಸ್ಯನಾಗಿದ್ದಾಗಲೂ ಹಳೆಯ ಸಾಲಕ್ಕೆ ವಾಷಿಂಗ್ಟನ್ನಿನಿಂದ ಹಣ ಕಳುಹಿಸುತ್ತಿದ್ದನೆಂದು ಅವನ ಜೊತೆ ವಕೀಲ ವಿಲಿಯಂ ಹರ್ನ್‌ಡನ್ ನೆನೆದಿದ್ದಾನೆ. ಈ ವಿಲಿಯಂ ಹರ್ನ್‌ಡನ್, ಅಂಗಡಿಯ ಪಾಲನ್ನು ಮಾರಿದ ರೋವನ್‌ನ ಬಂಧುವೇ. ಜೇಮ್ಸ್ ಶಾರ್ಟನಿಗೂ ಹಣ ಸಂದಿತು. ಮುಂದೆ ಶಾರ್ಟ್ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದ್ದಾಗ, ಅಧ್ಯಕ್ಷನಾದ ಲಿಂಕನ್ ಅವನಿಗೆ ಅಲ್ಲಿನ ರೌಂಡ್ ವ್ಯಾಲಿಯ ಮೂಲನಿವಾಸಿಗಳ ವಸತಿಯಲ್ಲಿ ಸರಕಾರಿ ಹುದ್ದೆ ಕೊಟ್ಟ.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೊದಲು, ಮನೆಯವರಿಗಷ್ಟೇ ಗೊತ್ತಿರುವ ಮಾತೊಂದನ್ನು ಹೇಳಿಬಿಡುತ್ತೇನೆ. ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ನಾನೂ ಸಹೋದ್ಯೋಗಿಯೊಬ್ಬರ ಸಾಲಕ್ಕೆ ಸಹಿ ಹಾಕಿದ್ದೆ. ಅವರು ವರ್ಗವಾಗಿ ಹೋದರು, ಕಂತು ನಿಂತಿತು, ನನ್ನ ಸಂಬಳದಲ್ಲಿ ಮೂರು ವರ್ಷ ಕಡಿತವಾಯಿತು. ಆ ಮೂರು ವರ್ಷ ನಮ್ಮ ಬೀದಿಯ ಕಿರಾಣಿ ಅಂಗಡಿಯ ಯಜಮಾನರು ಅಕ್ಕಿ ಬೇಳೆಯನ್ನು ಉದ್ರಿ ಕೊಟ್ಟರು. ತಿಂಗಳ ಕೊನೆಗೆ ನನ್ನ ಮುಖ ನೋಡಿ, "ಮೇಷ್ಟ್ರೇ, ಆದಾಗ ಕೊಡಿ" ಎನ್ನುತ್ತಿದ್ದರು. ಸಹಿ ಕೇಳಲಿಲ್ಲ. ನಾನು ಲಿಂಕನ್ನನ ಪಾಠ ಹೇಳುತ್ತಿದ್ದ ಅದೇ ವರ್ಷಗಳು ಅವು. ಆದರೂ ಆ ಅಂಗಡಿಯವರನ್ನು ಪಾಠಕ್ಕೆ ಸೇರಿಸಬೇಕೆಂದು ನನಗೆ ಹೊಳೆಯಲಿಲ್ಲ.

ಮಗು, ಜಾಮೀನೆಂದರೆ ಬರೀ ಸಾಕ್ಷಿಯ ಸಹಿಯಲ್ಲ. 1872ರ ನಮ್ಮ ಕರಾರು ಕಾಯಿದೆಯಂತೆ, ಬೇರೆ ಕರಾರಿಲ್ಲದಿದ್ದರೆ, ಸಾಲ ಮಾಡಿದವನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಆದ್ದರಿಂದ ಪೂರ್ತಿ ಸಾಲವನ್ನು ನೀನೇ ಕಟ್ಟಬೇಕಾಗಿ ಬಂದರೂ ಮಕ್ಕಳ ಓದು ನಿಲ್ಲುವುದಿಲ್ಲ ಎಂದಾದರೆ ಸಹಿ ಹಾಕು; ಹಾಕಿದ ಮೇಲೆ ಭಾವನನ್ನು ದೂರಬೇಡ. ಇಲ್ಲವಾದರೆ, ಅಕ್ಕನ ಮುಂದೆ ಕುಳಿತು ಇರುವುದನ್ನು ಇದ್ದಂತೆ ಹೇಳಿ ಸಹಿ ಬೇಡವೆನ್ನು. ಜೇಮ್ಸ್ ಶಾರ್ಟ್ ಪ್ರೋನೋಟಿಗೆ ಸಹಿ ಹಾಕಿದವನಲ್ಲ. ತನ್ನ ಕೈಯಲ್ಲಿ ಎಷ್ಟಿದೆಯೆಂದು ತಿಳಿದು, ಅಷ್ಟನ್ನು, ಬೇಕಾದ ದಿನ ಕೊಟ್ಟ. ಅಂಗಡಿ ನಡೆದರೆ ಸಂತೋಷ. ಒಂದು ವೇಳೆ ನಡೆಯದೆ ಹೋದರೆ, ಆ ದಿನ ಭಾವನ ತಕ್ಕಡಿಯನ್ನು ಹರಾಜಿನಿಂದ ಬಿಡಿಸಿಕೊಂಡು ಬರುವಷ್ಟು ಹಣವನ್ನು ಈಗಿನಿಂದಲೇ ಬೇರೆಯಾಗಿ ಎತ್ತಿಡು. ನೀನು ಎರಡು ದಿನ ಕಾದದ್ದಕ್ಕೆ ನನ್ನ ಉತ್ತರ ಇಷ್ಟು.